ಮಳೆಗೆ ನೆನಪುಂಟೆ?

ಒಂದು ಸೀಮೆಯಲ್ಲಿ ಸತತವಾಗಿ ಮೂರು ವರ್ಷ ಮಳೆ ಹೋಯಿತೆಂದು ಭಾವಿಸೋಣ. ನಾಲ್ಕನೆಯ ವರ್ಷದ ಮುಂಗಾರಿಗೆ ಮುನ್ನ ಅಲ್ಲಿಯ ಅರಳಿಕಟ್ಟೆಗಳ ಮೇಲೆ ಎರಡು ಬಗೆಯ ಮಾತು ಕೇಳಿಬರುವುದು ಸಹಜ. ‘ಮೂರು ವರ್ಷ ಕೈಕೊಟ್ಟ ಮಳೆ ಈ ವರ್ಷ ಬಂದೇ ತೀರಬೇಕು’ ಎಂಬುದು ಒಂದು ಪಕ್ಷ. ‘ಕಾಲ ಕೆಟ್ಟಿತು, ಇನ್ನೂ ಕೆಲವು ವರ್ಷ ಹೀಗೆಯೇ’ ಎಂಬುದು ಇನ್ನೊಂದು ಪಕ್ಷ. ಮೊದಲನೆಯವರ ದೃಷ್ಟಿಯಲ್ಲಿ ಪ್ರಕೃತಿಯು ಬಾಕಿಯನ್ನು ಮರೆಯದೆ ತೀರಿಸುವ ಸಾಲಗಾರನಂತೆ. ಎರಡನೆಯವರ ದೃಷ್ಟಿಯಲ್ಲಿ ಅದು ಹಿಡಿದ ದಾರಿಯನ್ನು ಬಿಡದ ಹಟಮಾರಿಯಂತೆ. ಈ ಎರಡು ಪಕ್ಷಗಳೂ ಪರಸ್ಪರ ವಿರುದ್ಧವಾಗಿ ತೋರಿದರೂ ಒಂದು ಅಂಶವನ್ನು ವಿಚಾರಿಸದೆಯೇ ಒಪ್ಪಿಕೊಂಡಿವೆ. ಈ ವರ್ಷದ ಮಳೆಗೆ ಹಿಂದಿನ ವರ್ಷಗಳ ನೆನಪು ಇದೆ ಎಂಬುದೇ ಆ ಅಂಶ. ಮಳೆಗೆ ನೆನಪೇ ಇಲ್ಲ, ಪ್ರತಿ ವರ್ಷವೂ ಅದು ಹೊಸದಾಗಿ ಪ್ರಾರಂಭವಾಗುತ್ತದೆ ಎಂಬ ಮೂರನೆಯ ಪಕ್ಷವೂ ಸಾಧ್ಯ. ಇವುಗಳಲ್ಲಿ ಯಾವುದು ನಿಜ?

ಇದು ಕೇವಲ ಕಾಲಹರಣದ ಚರ್ಚೆಯಲ್ಲ. ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ನೋಡಿದರೆ ಇದರ ಮಹತ್ತ್ವ ತಿಳಿಯುವುದು. ಜಗಳೂರು ಬಯಲುಸೀಮೆಯ ತಾಲ್ಲೂಕು; ಅಲ್ಲಿಯ ಬೆಳೆ ಬಹುಮಟ್ಟಿಗೆ ಆಯಾ ವರ್ಷದ ಮಳೆಯನ್ನೇ ನೆಚ್ಚಿಕೊಂಡಿದೆ. ಹೊನ್ನಾಳಿ ತುಂಗಭದ್ರೆಯ ದಡದ ಊರು. ಅದರ ಮುಂದೆ ಹರಿಯುವ ನೀರು ದೂರದ ಪಶ್ಚಿಮ ಘಟ್ಟಗಳಲ್ಲಿ ಸುರಿದ ಮಳೆಯಿಂದ ಬಂದದ್ದು. ನ್ಯಾಮತಿ ಮಲೆನಾಡಿನ ಅಂಚಿನಲ್ಲಿದೆ. ಬೆಟ್ಟದ ಒಡಲಿನ ನೀರು ಅಲ್ಲಿ ಒಂದು ಕಡೆ ಊಟೆಯಾಗಿ ಹೊರಬರುತ್ತದೆ. ಚನ್ನಗಿರಿಯಲ್ಲಿ ಸೂಳೆಕೆರೆಯೂ ಭದ್ರಾ ನಾಲೆಯೂ ಅಡಕೆಯ ತೋಟಗಳೂ ಇವೆ. ಒಂದು ವರ್ಷದ ಅನಾವೃಷ್ಟಿ ಹೊಲದ ಒಂದು ವರ್ಷದ ಫಸಲನ್ನು ಕೆಡಿಸುವುದು. ಆದರೆ ಫಲಕ್ಕೆ ಬರಲು ಹಲವು ವರ್ಷ ಬೇಕಾಗುವ ತೋಟವನ್ನು ಮೂರು ವರ್ಷದ ಸತತ ಬರ ಬೇರುಸಹಿತ ಒಣಗಿಸಬಲ್ಲದು. ಕೆಟ್ಟ ವರ್ಷಗಳು ಎಷ್ಟು ಎಂಬುದಷ್ಟೇ ಅಲ್ಲ, ಅವು ಬಿಡಿಬಿಡಿಯಾಗಿ ಬರುವುವೋ ಗುಂಪುಗೂಡಿ ಬರುವುವೋ ಎಂಬುದರ ಮೇಲೆಯೂ ಜನಜೀವನ ನಿಂತಿದೆ.

ನಾಣ್ಯಕ್ಕೆ ನೆನಪಿಲ್ಲ

ಕಾಲಕ್ರಮದಲ್ಲಿ ಒಂದಾದ ಮೇಲೊಂದರಂತೆ ದಾಖಲಾದ ಅಂಕಿಗಳ ಸಾಲಿಗೆ ‘ಕಾಲಶ್ರೇಣಿ’ ಎಂದು ಹೆಸರು. ಮಳೆಮಾಪಕದ ವಾರ್ಷಿಕ ಮೊತ್ತಗಳು, ಹೊಳೆಯ ಮಟ್ಟ, ಮರದ ಕಾಂಡದೊಳಗಿನ ಬಳೆಗಳ ದಪ್ಪ, ಇವೆಲ್ಲವೂ ಕಾಲಶ್ರೇಣಿಗಳು. ಒಂದು ಶ್ರೇಣಿಯಲ್ಲಿ ಹಿಂದಿನ ಅಂಕಿಗಳನ್ನು ಎಷ್ಟೇ ಪರಿಶೀಲಿಸಿದರೂ ಮುಂದಿನ ಅಂಕಿಯ ಬಗ್ಗೆ ಯಾವ ಸುಳಿವೂ ದೊರೆಯದಿದ್ದರೆ ಅದನ್ನು ‘ಶುದ್ಧ ಯಾದೃಚ್ಛಿಕ ಶ್ರೇಣಿ’ ಎನ್ನುವರು. ನಾಣ್ಯ ಚಿಮ್ಮುವುದು ಇದಕ್ಕೆ ಸರ್ವವಿದಿತವಾದ ಉದಾಹರಣೆ. ಐದು ಬಾರಿ ರಾಜಮುಖವೇ ಬಿದ್ದಿದ್ದರೂ ಆರನೆಯ ಬಾರಿಗೆ ರಾಜಮುಖ ಬೀಳುವ ಸಂಭವ ಮತ್ತೆ ಅರ್ಧವೇ. ಹಿಂದೆ ಏನಾಯಿತೆಂಬುದನ್ನು ನಾಣ್ಯವು ಅರಿಯದು.

ಆದರೆ ಇಲ್ಲಿ ಬಹುಮಂದಿ ಎಡವುವ ಒಂದು ಸ್ಥಳವಿದೆ. ನೆನಪಿಲ್ಲದ ನಾಣ್ಯವೂ ಒಂದೇ ಮುಖವನ್ನು ಸಾಲುಸಾಲಾಗಿ ತೋರಿಸಬಲ್ಲದು. ನೂರು ಸಲ ನಾಣ್ಯ ಚಿಮ್ಮಿದರೆ, ಎಲ್ಲಿಯಾದರೂ ಒಂದು ಕಡೆ ಒಂದೇ ಮುಖ ಸತತವಾಗಿ ಆರು ಅಥವಾ ಹೆಚ್ಚು ಸಲ ಬೀಳುವ ಸಂಭವ ಸುಮಾರು ನೂರಕ್ಕೆ 80ರಷ್ಟು. ‘ಸರಾಸರಿಗಿಂತ ಹೆಚ್ಚು’, ‘ಸರಾಸರಿಗಿಂತ ಕಡಮೆ’ ಎಂಬ ಎರಡೇ ಮುಖಗಳುಳ್ಳ ನಾಣ್ಯವನ್ನು ಮಳೆರಾಯನು ವರ್ಷಕ್ಕೊಮ್ಮೆ ಚಿಮ್ಮುತ್ತಿರುವನೆಂದು ಊಹಿಸಿಕೊಂಡರೂ, ಒಂದು ಶತಮಾನದಲ್ಲಿ ಆರು ವರ್ಷಗಳ ಒಂದು ಕೊರತೆಯ ಸಾಲನ್ನೋ ಸಮೃದ್ಧಿಯ ಸಾಲನ್ನೋ ನಾವು ನಿರೀಕ್ಷಿಸಲೇಬೇಕು. ಆದಕಾರಣ ಮೂರು ಬರಗಳು ಒಟ್ಟಿಗೆ ಬಂದುವೆಂದ ಮಾತ್ರಕ್ಕೆ ಮಳೆಗೆ ನೆನಪಿದೆಯೆಂದು ಸಿದ್ಧವಾಗುವುದಿಲ್ಲ.

ಅರುವತ್ತು ಸಂವತ್ಸರಗಳ ಚಕ್ರ

ನೆನಪಿನ ಇನ್ನೊಂದು ಕಲ್ಪನೆ ನಮ್ಮಲ್ಲಿ ಪ್ರಾಚೀನವಾದುದು. ಪ್ರಭವದಿಂದ ಅಕ್ಷಯದವರೆಗೆ ಅರುವತ್ತು ಸಂವತ್ಸರಗಳು ಚಕ್ರದಂತೆ ತಿರುಗುತ್ತವೆ. ಹೆಸರು ಮರಳಿದಂತೆ ಮಳೆಬೆಳೆಯ ಫಲವೂ ಮರಳುವುದೆಂಬ ನಂಬಿಕೆ ಅನೇಕರಲ್ಲಿ ಉಂಟು. ಈ ನಂಬಿಕೆಯನ್ನು ಪರೀಕ್ಷಿಸಲು ಮೈಸೂರು ಸೀಮೆಯ ಇತಿಹಾಸದಲ್ಲಿಯೇ ಒಂದು ಘೋರವಾದ ಅವಕಾಶವಿದೆ. 1876ರಿಂದ 1878ರವರೆಗಿನ ಮಹಾಕ್ಷಾಮವನ್ನು ಹಿರಿಯರು ‘ಧಾತು ಈಶ್ವರ ಬರ’ ಎಂದು ಆ ಎರಡು ಸಂವತ್ಸರಗಳ ಹೆಸರಿನಿಂದಲೇ ಕರೆಯುತ್ತಿದ್ದರು. 1875ರಲ್ಲಿಯೇ ಮಳೆ ಅಲ್ಪವಾಗಿತ್ತು, 1876ರಲ್ಲಿ ಕೈಬಿಟ್ಟಿತು, 1877ರ ಮುಂಗಾರೂ ಬಹುಕಾಲ ಬಾರದೆ ಹೋಯಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಕೊಂದದ್ದು ಒಂದು ಕೆಟ್ಟ ವರ್ಷವಲ್ಲ, ಕೆಟ್ಟ ವರ್ಷಗಳ ಸಾಲು. ಮೊದಲ ವರ್ಷ ಹಗೇವಿನ ಕಾಳು ಕರಗಿತು. ಎರಡನೆಯ ವರ್ಷ ತಿನ್ನಲು ಏನೂ ಉಳಿಯಲಿಲ್ಲ.

ಚಕ್ರದ ನಂಬಿಕೆ ನಿಜವಾಗಿದ್ದರೆ 1936–38ರಲ್ಲಿಯೂ 1996–98ರಲ್ಲಿಯೂ, ಅಂದರೆ ಧಾತು ಮತ್ತು ಈಶ್ವರ ಸಂವತ್ಸರಗಳು ಮರಳಿ ಬಂದಾಗ, ಮಹಾ ಅನಾವೃಷ್ಟಿ ಮರುಕಳಿಸಬೇಕಾಗಿತ್ತು. ಆದರೆ 1936, 1937, 1996, 1997, ಈ ನಾಲ್ಕರಲ್ಲಿ ಒಂದು ವರ್ಷವೂ ಭಾರತದ ಮುಂಗಾರಿನ ಬರಗಾಲದ ಪಟ್ಟಿಯಲ್ಲಿ ಇಲ್ಲ. ಪಂಚಾಂಗದ ಚಕ್ರ ಕಾಲವನ್ನು ಎಣಿಸಲು ಒಳ್ಳೆಯ ಸಾಧನ. ಮಳೆಯನ್ನು ಎಣಿಸಲು ಅಲ್ಲ. ಪ್ರಕೃತಿಯಲ್ಲಿ ನೆನಪು ಇರುವುದೇ ಆದರೆ ಅದು ಗಡಿಯಾರದ ಮುಳ್ಳಿನಂತೆ ನಿಯತವಾಗಿ ಮರಳುವ ನೆನಪಲ್ಲ, ಬೇರೆ ಸ್ವರೂಪದ್ದು.

ಒಂದೇ ಸರಾಸರಿ, ಎರಡು ಕೆರೆಗಳು

ಆ ಸ್ವರೂಪವನ್ನು ಅರಿಯಲು ಕೆರೆಯ ಲೆಕ್ಕವೇ ಸುಲಭವಾದ ದಾರಿ. ಒಂದು ಕೆರೆಗೆ ಎಂಟು ವರ್ಷಗಳಲ್ಲಿ ಬಂದ ನೀರು ಕ್ರಮವಾಗಿ 14, 6, 12, 8, 13, 7, 11, 9 ಪಾಲುಗಳೆಂದು ಊಹಿಸಿಕೊಳ್ಳೋಣ. ಮೊತ್ತ 80, ಸರಾಸರಿ 10. ಪ್ರತಿ ವರ್ಷವೂ ಸರಿಯಾಗಿ 10 ಪಾಲು ನೀರನ್ನು ಗದ್ದೆಗಳಿಗೆ ಬಿಡಬೇಕೆಂಬುದು ನಮ್ಮ ಆಶಯ. ಮೊದಲ ವರ್ಷ 4 ಪಾಲು ಉಳಿಯುವುದು. ಎರಡನೆಯ ವರ್ಷದ ಕೊರತೆಯನ್ನು ಅದು ತುಂಬುವುದು. ಹೀಗೆ ವರ್ಷಾಂತ್ಯದಲ್ಲಿ ಕೆರೆಯಲ್ಲಿ ಉಳಿಯುವ ನೀರು 4, 0, 2, 0, 3, 0, 1, 0. ನಾಲ್ಕು ಪಾಲು ಹಿಡಿಯುವ ಕೆರೆಯಿದ್ದರೆ ಸಾಕು.

ಈಗ ಅವೇ ಎಂಟು ಅಂಕಿಗಳನ್ನು ಬೇರೆ ಕ್ರಮದಲ್ಲಿಡೋಣ: 14, 13, 12, 11, 9, 8, 7, 6. ಸರಾಸರಿ ಮತ್ತೆ 10. ಏರಿಳಿತದ ಪ್ರಮಾಣವೂ ಅಷ್ಟೇ. ಆದರೆ ಉಳಿಯುವ ನೀರು 4, 7, 9, 10, 9, 7, 4, 0 ಆಗುವುದು. ಈಗ ಹತ್ತು ಪಾಲು ಹಿಡಿಯುವ ಕೆರೆ ಬೇಕು! ಬಂದ ನೀರು ಅಷ್ಟೇ, ಬಿಟ್ಟ ನೀರೂ ಅಷ್ಟೇ. ವರ್ಷಗಳ ಕ್ರಮ ಬದಲಾದ ಒಂದೇ ಕಾರಣದಿಂದ ಕೆರೆಯ ಗಾತ್ರ ಎರಡೂವರೆ ಪಟ್ಟಾಯಿತು. ಸರಾಸರಿ ಮಳೆಯನ್ನು ಮಾತ್ರ ನೋಡಿ ಕಟ್ಟೆ ಕಟ್ಟಿದವನು ಎರಡನೆಯ ಸಂದರ್ಭದಲ್ಲಿ ಮೋಸಹೋಗುವನು.

ಹೀಗೆ ಸರಾಸರಿಯಿಂದ ಆದ ವ್ಯತ್ಯಾಸಗಳನ್ನು ಕೂಡುತ್ತ ಹೋದಾಗ ದೊರೆಯುವ ಅತಿ ಹೆಚ್ಚಿನ ಮತ್ತು ಅತಿ ಕಡಮೆಯ ಮೊತ್ತಗಳ ಅಂತರಕ್ಕೆ ‘ವ್ಯಾಪ್ತಿ’ ಎಂದು ಹೆಸರಿಡೋಣ. ನೀರನ್ನು ಪೋಲಾಗಿಸದೆ, ಕೊರತೆಯೂ ಆಗದಂತೆ ನಡೆಸಲು ಬೇಕಾದ ಜಲಾಶಯದ ಗಾತ್ರವೇ ಈ ವ್ಯಾಪ್ತಿ. ಅಂಕಿಗಳು ಸರಾಸರಿಯ ಸುತ್ತ ಎಷ್ಟು ಹರಡಿವೆಯೆಂಬುದರ ಅಳತೆಯಾದ ‘ಮಾನಕ ವಿಚಲನೆ’ಯಿಂದ ಇದನ್ನು ಭಾಗಿಸಿದರೆ ಬರುವ ಸಂಖ್ಯೆಯನ್ನು ಯಾವ ಹೊಳೆಗಾದರೂ, ಯಾವ ಊರಿನ ಮಳೆಗಾದರೂ ಹೋಲಿಸಿ ನೋಡಬಹುದು.

ಚನ್ನಗಿರಿಯ ಸೂಳೆಕೆರೆಯನ್ನು ಕಟ್ಟಿಸಿದವರ ಬಳಿ ಇಂಥ ಸೂತ್ರವೇನೂ ಇರಲಿಲ್ಲ. ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳವನ್ನು ಅಡ್ಡಗಟ್ಟಿ, ಶಾಂತವ್ವನ ಹೆಸರಿನ ಐತಿಹ್ಯದೊಡನೆ ಶಾಂತಿಸಾಗರವೆಂದೂ ಕರೆಯಲ್ಪಡುವ ಆ ಕೆರೆಯನ್ನು ಅವರು ನಿರ್ಮಿಸಿದರು. ಅಳತೆಯ ಪುಸ್ತಕಗಳಿಲ್ಲದಿದ್ದರೂ ಒಂದು ತತ್ತ್ವವನ್ನು ಅವರು ಅನುಭವದಿಂದ ಕಂಡುಕೊಂಡಿದ್ದಂತೆ ತೋರುವುದು: ಕೆರೆಯು ಒಂದು ವರ್ಷದ ಬೇಸಗೆಗಷ್ಟೇ ಅಲ್ಲ, ಮುಂದಿನ ವರ್ಷದ ಕೊರತೆಗೂ ನೀರನ್ನು ಹಿಡಿದಿಡಬೇಕು. ಇಂದಿಗೂ ಚಿತ್ರದುರ್ಗ ನಗರಕ್ಕೆ ಅದರಿಂದ ಕುಡಿಯುವ ನೀರು ಹೋಗುತ್ತದೆ.

ನೈಲ್ ನದಿಯ ಲೆಕ್ಕಿಗ

ಈ ಪ್ರಶ್ನೆಯನ್ನು ಗಣಿತದ ಒರೆಗಲ್ಲಿಗೆ ಹಚ್ಚಿದವನು ಹೆರಾಲ್ಡ್ ಎಡ್ವಿನ್ ಹರ್ಸ್ಟ್. 1880ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಜನಿಸಿದ ಈತ 1906ರಲ್ಲಿ ಈಜಿಪ್ಟಿಗೆ ಹೋಗಿ ತನ್ನ ದೀರ್ಘವಾದ ಜೀವಮಾನದ ಬಹುಭಾಗವನ್ನು ನೈಲ್ ನದಿಯ ಅಧ್ಯಯನದಲ್ಲಿಯೇ ಕಳೆದನು. ಸಮೃದ್ಧಿಯ ದಶಕಗಳ ನೀರನ್ನು ಕೊರತೆಯ ದಶಕಗಳಿಗೆ ಕಾಯ್ದಿಡಬಲ್ಲ ಜಲಾಶಯ ಎಷ್ಟು ದೊಡ್ಡದಿರಬೇಕೆಂಬುದು ಅವನ ಮುಂದಿದ್ದ ಪ್ರಶ್ನೆ. ಇದಕ್ಕೆ ನೈಲ್ ನದಿಯಂಥ ಅದೃಷ್ಟ ಬೇರೆ ಯಾವ ನದಿಗೂ ಇರಲಿಲ್ಲ. ಕೈರೋ ನಗರದ ಬಳಿಯ ರೋಡಾ ದ್ವೀಪದ ಅಳತೆಗಂಬದಿಂದಾಗಿ ಕ್ರಿ. ಶ. 622ರಿಂದ ಮೊದಲ್ಗೊಂಡು ನೀರಿನ ಮಟ್ಟದ ದಾಖಲೆಗಳು ಉಳಿದುಬಂದಿದ್ದವು.

ನದಿಯ ಒಂದೊಂದು ವರ್ಷವೂ ನಾಣ್ಯದಂತೆ ಸ್ವತಂತ್ರವಾಗಿದ್ದರೆ, ವ್ಯಾಪ್ತಿಯು ವರ್ಷಗಳ ಸಂಖ್ಯೆಯ ವರ್ಗಮೂಲಕ್ಕೆ ಅನುಗುಣವಾಗಿ ಬೆಳೆಯಬೇಕು. ಅಂದರೆ ಅವಧಿ ನಾಲ್ಕು ಪಟ್ಟಾದರೆ ವ್ಯಾಪ್ತಿ ಎರಡು ಪಟ್ಟಾಗಬೇಕು. ಹರ್ಸ್ಟ್ ನಾಣ್ಯಗಳನ್ನು ಚಿಮ್ಮಿ, ಇಸ್ಪೀಟಿನಂಥ ಎಲೆಗಳನ್ನು ಕಲಸಿ ಎತ್ತಿ, ಇದನ್ನು ಪ್ರಯೋಗದಿಂದಲೇ ನೋಡಿದನು. ಅಲ್ಲಿ ಅದು ಸರಿಯಾಗಿತ್ತು. ಆದರೆ ನೈಲ್ ನದಿಯ ವ್ಯಾಪ್ತಿ ಅದಕ್ಕಿಂತ ಬಹು ವೇಗವಾಗಿ ಬೆಳೆಯುತ್ತಿತ್ತು. ಇದು ನೈಲ್ ನದಿಯೊಂದರ ವಿಚಿತ್ರವೇ ಎಂದು ತಿಳಿಯಲು ಅವನು ಬೇರೆ ನದಿಗಳು, ಮಳೆ, ಉಷ್ಣತೆ, ಮರದ ಬಳೆಗಳು, ಸರೋವರಗಳ ತಳದ ಕೆಸರಿನ ಪದರಗಳು, ಹೀಗೆ ಸುಮಾರು 690 ಶ್ರೇಣಿಗಳನ್ನು ಲೆಕ್ಕಹಾಕಿದನು. 1951ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು. ವರ್ಗಮೂಲದ ನಿಯಮದಲ್ಲಿ ಘಾತಾಂಕ 0.5 ಇರಬೇಕಾದಲ್ಲಿ ಪ್ರಕೃತಿಯ ಶ್ರೇಣಿಗಳಲ್ಲಿ ಅದು ಸರಾಸರಿ 0.73 ಆಗಿತ್ತು. ಇದನ್ನೇ ಇಂದು ‘ಹರ್ಸ್ಟ್ ಘಾತಾಂಕ’ ಎನ್ನುವರು.

0.5ಕ್ಕೂ 0.73ಕ್ಕೂ ಇರುವ ಅಂತರ ಅಲ್ಪವೆಂದು ತೋರಬಹುದು. ಅದರ ಪರಿಣಾಮವನ್ನು ನೋಡಿ. ಮಾನಕ ವಿಚಲನೆಯನ್ನು ಒಂದು ಪಾಲೆಂದು ಇಟ್ಟುಕೊಂಡರೆ, 25 ವರ್ಷಗಳ ಅವಧಿಗೆ ಬೇಕಾಗುವ ಕೆರೆಯ ಗಾತ್ರ ನಾಣ್ಯದ ನಿಯಮದಂತೆ ಸುಮಾರು 6.3 ಪಾಲು, ಹರ್ಸ್ಟನ ನಿಯಮದಂತೆಯೂ ಸುಮಾರು 6.3 ಪಾಲು. 100 ವರ್ಷಗಳಿಗೆ ಮೊದಲನೆಯದು 12.5, ಎರಡನೆಯದು 17.4. 400 ವರ್ಷಗಳಿಗೆ ಮೊದಲನೆಯದು 25, ಎರಡನೆಯದು 48! ಕಾಲು ಶತಮಾನದ ದಾಖಲೆಯನ್ನು ಮಾತ್ರ ನೋಡಿದವನಿಗೆ ಎರಡು ನಿಯಮಗಳಲ್ಲಿ ಭೇದವೇ ಕಾಣದು. ನಾಲ್ಕು ಶತಮಾನ ನೋಡಿದವನಿಗೆ ಒಂದು ಇನ್ನೊಂದರ ಇಮ್ಮಡಿಯಾಗಿ ಕಾಣುವುದು. ಮನುಷ್ಯನ ಒಂದು ಆಯುಸ್ಸಿನ ಅನುಭವವು ಈ ವಿಷಯದಲ್ಲಿ ಏಕೆ ಸಾಲದೆಂಬುದಕ್ಕೆ ಇದೇ ಉತ್ತರ.

ಮರೆವಿನ ಎರಡು ಬಗೆ

ಹಾಗಾದರೆ ಪ್ರಕೃತಿಯ ಶ್ರೇಣಿಗಳು ನಾಣ್ಯದಂತೆ ಅಲ್ಲ, ಅವಕ್ಕೆ ನೆನಪುಂಟು. ಆದರೆ ನೆನಪು ಎಂಬುದಕ್ಕಿಂತ ‘ಮರೆಯುವ ಬಗೆ’ ಎಂಬುದೇ ಇಲ್ಲಿ ಮುಖ್ಯ. ಈ ವರ್ಷಕ್ಕೂ ಮುಂದಿನ ವರ್ಷಕ್ಕೂ ಇರುವ ಸಂಬಂಧದ ಬಲವನ್ನು ಸೊನ್ನೆಯಿಂದ ಒಂದರವರೆಗಿನ ಒಂದು ಸಂಖ್ಯೆಯಿಂದ ಸೂಚಿಸಬಹುದು. ಅದು 0.38 ಎಂದಿಟ್ಟುಕೊಳ್ಳಿ. ಮೊದಲನೆಯ ಬಗೆಯ ಮರೆವಿನಲ್ಲಿ ವರ್ಷ ವರ್ಷಕ್ಕೂ ಅದೇ ಪ್ರಮಾಣದಲ್ಲಿ ನೆನಪು ಕರಗುವುದು: ಎರಡನೆಯ ವರ್ಷಕ್ಕೆ 0.14, ಮೂರನೆಯದಕ್ಕೆ 0.05, ಹತ್ತನೆಯ ವರ್ಷಕ್ಕೆ ಲಕ್ಷದಲ್ಲಿ ಆರು ಭಾಗ ಮಾತ್ರ. ಇದು ಅಲ್ಪಸ್ಮೃತಿ.

ಎರಡನೆಯ ಬಗೆಯಲ್ಲಿ ನೆನಪು ಮೊದಮೊದಲು ಬೇಗನೆ ತಗ್ಗಿದರೂ ಅನಂತರ ಕರಗುವುದು ಬಹಳ ನಿಧಾನ. ಹರ್ಸ್ಟ್ ಘಾತಾಂಕ 0.73 ಆಗಿರುವ ಆದರ್ಶ ಶ್ರೇಣಿಯಲ್ಲಿ ಮೊದಲ ವರ್ಷದ ಸಂಬಂಧ ಅದೇ 0.38, ಆದರೆ ಹತ್ತನೆಯ ವರ್ಷಕ್ಕೂ ಸುಮಾರು 0.10, ನೂರನೆಯ ವರ್ಷಕ್ಕೂ ಸುಮಾರು 0.03 ಉಳಿದಿರುವುದು. ಇದು ದೀರ್ಘಸ್ಮೃತಿ. ಪ್ರತಿಯೊಂದು ಸಂಬಂಧವೂ ಕ್ಷೀಣವೇ. ಆದರೆ ಹನಿಗೂಡಿ ಹಳ್ಳವಾಗುವಂತೆ ಅವೆಲ್ಲ ಸೇರಿ ಒಳ್ಳೆಯ ವರ್ಷಗಳನ್ನು ಒಳ್ಳೆಯವುಗಳ ಕಡೆಗೂ ಕೆಟ್ಟವುಗಳನ್ನು ಕೆಟ್ಟವುಗಳ ಕಡೆಗೂ ಸೆಳೆಯುವುವು. 1968ರಲ್ಲಿ ಬೆನ್ವಾ ಮ್ಯಾಂಡೆಲ್‌ಬ್ರಾಟ್ ಮತ್ತು ಜೇಮ್ಸ್ ವಾಲಿಸ್ ಎಂಬವರು ಇದಕ್ಕೆ ‘ಜೋಸೆಫ್ ಪರಿಣಾಮ’ವೆಂದು ಹೆಸರಿಟ್ಟರು. ಏಳು ವರ್ಷ ಸುಭಿಕ್ಷ, ಆಮೇಲೆ ಏಳು ವರ್ಷ ಕ್ಷಾಮ ಬರುವುದೆಂದು ಈಜಿಪ್ಟಿನ ದೊರೆಯ ಕನಸಿಗೆ ಅರ್ಥ ಹೇಳಿದ ಜೋಸೆಫನ ಕಥೆ ಬೈಬಲ್ಲಿನಲ್ಲಿ ಬರುತ್ತದೆ.

ದೀರ್ಘಸ್ಮೃತಿಯ ಒಂದು ಪರಿಣಾಮ ಸರಾಸರಿಯ ಮೇಲಿನ ನಮ್ಮ ನಂಬಿಕೆಯನ್ನೇ ಅಲುಗಿಸುವಂಥದು. ವರ್ಷಗಳು ಸ್ವತಂತ್ರವಾಗಿದ್ದರೆ ಸರಾಸರಿಯ ಅನಿಶ್ಚಯವನ್ನು ಅರ್ಧಕ್ಕೆ ಇಳಿಸಲು ನಾಲ್ಕು ಪಟ್ಟು ದೀರ್ಘವಾದ ದಾಖಲೆ ಸಾಕು. ಘಾತಾಂಕ 0.73 ಇದ್ದರೆ ಸುಮಾರು 13 ಪಟ್ಟು ದೀರ್ಘವಾದ ದಾಖಲೆ ಬೇಕಾಗುವುದು. ಅಂಥ ಹೊಳೆಯ 100 ವರ್ಷಗಳ ಸರಾಸರಿಯು ಸ್ವತಂತ್ರವಾದ 12 ವರ್ಷಗಳ ಸರಾಸರಿಯಷ್ಟೇ ವಿಶ್ವಾಸಾರ್ಹ! ‘ವಾಡಿಕೆಯ ಮಳೆ’, ‘ವಾಡಿಕೆಯ ಹರಿವು’ ಎಂದು ನಾವು ಧೈರ್ಯವಾಗಿ ಹೇಳುವ ಅಂಕಿಗಳ ಅಡಿಪಾಯ ನಾವು ತಿಳಿದುಕೊಂಡಷ್ಟು ಗಟ್ಟಿಯಲ್ಲ.

ನೆನಪು ಅಡಗಿರುವುದೆಲ್ಲಿ?

ಮೋಡಕ್ಕೆ ಮೆದುಳಿಲ್ಲ. ಹಾಗಿದ್ದಮೇಲೆ ಈ ನೆನಪು ಎಲ್ಲಿದೆ? ಭೌತವಿಜ್ಞಾನದ ಉತ್ತರ ಸರಳವಾದುದು: ಏನನ್ನಾದರೂ ಕೂಡಿಟ್ಟುಕೊಳ್ಳುವ ಪ್ರತಿಯೊಂದು ವಸ್ತುವಿಗೂ ನೆನಪುಂಟು.

ನ್ಯಾಮತಿ ತಾಲ್ಲೂಕಿನ ಬೆಳಗುತ್ತಿಯ ಬಳಿ ತೀರ್ಥರಾಮೇಶ್ವರದ ಬೆಟ್ಟವಿದೆ. ಅಲ್ಲಿಯ ದೇವಾಲಯದ ಬಳಿಯ ತೀರ್ಥವು ಬೇಸಗೆಯಲ್ಲಿಯೂ ಹರಿಯುತ್ತದೆ. ಮಳೆ ನಿಂತು ತಿಂಗಳುಗಳು ಕಳೆದರೂ ನೀರು ಬರುವುದೆಂದರೆ ಅದು ಇಂದಿನ ಮಳೆಯದಲ್ಲ. ಬೆಟ್ಟದ ಮಣ್ಣಿನಲ್ಲಿಯೂ ಬಂಡೆಯ ಬಿರುಕುಗಳಲ್ಲಿಯೂ ಇಂಗಿ, ನಿಧಾನವಾಗಿ ಜಿನುಗಿ ಬರುತ್ತಿರುವ ಹಿಂದಿನ ಮಳೆ. ಬೆಟ್ಟವು ಮಳೆಯನ್ನು ನೆನಪಿಟ್ಟುಕೊಂಡಿದೆ. ಹೊಲದ ಮೇಲ್ಮಣ್ಣಿನ ನೆನಪು ಕೆಲವು ವಾರಗಳದು. ಸಣ್ಣ ಕಟ್ಟೆಯದು ಕೆಲವು ತಿಂಗಳುಗಳದು. ದೊಡ್ಡ ಕೆರೆಯದು ಒಂದೆರಡು ವರ್ಷಗಳದು. ಆಳದ ಅಂತರ್ಜಲದ್ದು ದಶಕಗಳದು. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ಹೊನ್ನಾಳಿಯ ಕಡೆಗೆ ಹರಿಯುವ ಹೊಳೆಯು ಇಂಥ ನೂರಾರು ಕಣಜಗಳ ನೀರನ್ನು ಹೊತ್ತು ತರುತ್ತದೆ. ಆದಕಾರಣ ಹೊಳೆಯ ನೆನಪು ಸಾಮಾನ್ಯವಾಗಿ ಮಳೆಯ ನೆನಪಿಗಿಂತ ಬಲವಾದುದು.

ಇವೆಲ್ಲಕ್ಕಿಂತ ದೊಡ್ಡ ಕಣಜ ಸಮುದ್ರ. ಅದರ ಮೇಲಿನ ಮೂರು ಮೀಟರಿನಷ್ಟು ನೀರಿನ ಪದರವೇ ಇಡೀ ವಾಯುಮಂಡಲದಷ್ಟು ಉಷ್ಣವನ್ನು ಹಿಡಿದಿಡಬಲ್ಲದು. ಗಾಳಿ ಕೆಲವು ದಿನಗಳಲ್ಲಿ ಮರೆಯುವುದನ್ನು ಸಮುದ್ರದ ಮೇಲ್ಭಾಗ ತಿಂಗಳುಗಟ್ಟಲೆ, ಆಳ ಭಾಗ ಶತಮಾನಗಟ್ಟಲೆ ಮರೆಯದು. ಪೆಸಿಫಿಕ್ ಸಾಗರದ ನೀರು ಕಾಯುವ ‘ಎಲ್ ನಿನೋ’ ವರ್ಷಗಳಲ್ಲಿ ನಮ್ಮ ಮುಂಗಾರು ಅನೇಕ ವೇಳೆ ಕುಗ್ಗುವುದು ಈ ಮಾರ್ಗದಿಂದಲೇ.

ಇಲ್ಲಿ ಗಣಿತದ ಒಂದು ಸೊಗಸಾದ ಸಂಗತಿ ನೆರವಿಗೆ ಬರುತ್ತದೆ. ಒಂದೊಂದೂ ಅಲ್ಪಸ್ಮೃತಿಯೇ ಆಗಿರುವ, ಆದರೆ ಮರೆವಿನ ಕಾಲ ಬೇರೆ ಬೇರೆಯಾಗಿರುವ ಅಸಂಖ್ಯ ಶ್ರೇಣಿಗಳನ್ನು ಕೂಡಿದರೆ ಮೊತ್ತವು ದೀರ್ಘಸ್ಮೃತಿಯಂತೆ ವರ್ತಿಸಬಲ್ಲದು. 1980ರಲ್ಲಿ ಅರ್ಥಶಾಸ್ತ್ರಜ್ಞ ಕ್ಲೈವ್ ಗ್ರೇಂಜರ್ ಇದನ್ನು ತೋರಿಸಿದನು. ಹರ್ಸ್ಟನ ಒಗಟಿಗೆ ಇದು ಒಂದು ಸಹಜವಾದ ವಿವರಣೆ. ಇನ್ನೊಂದು ವಿವರಣೆಯನ್ನು 1974ರಲ್ಲಿ ಜಲವಿಜ್ಞಾನಿ ವಿಟ್ ಕ್ಲೆಮೆಶ್ ಮುಂದಿಟ್ಟನು. ಸರಾಸರಿಯೇ ಆಗಾಗ ಒಂದು ಮಟ್ಟದಿಂದ ಇನ್ನೊಂದಕ್ಕೆ ಜಾರುತ್ತಿದ್ದರೂ ನಮ್ಮ ಲೆಕ್ಕದಲ್ಲಿ ಅದು ದೀರ್ಘಸ್ಮೃತಿಯಂತೆಯೇ ತೋರುವುದೆಂಬುದು ಅವನ ವಾದ. ಘಾತಾಂಕವೊಂದನ್ನೇ ನೋಡಿ ಕಾರಣವನ್ನು ಹೇಳಲಾಗದು ಎಂಬ ಈ ಎಚ್ಚರಿಕೆ ಇಂದಿಗೂ ಸಲ್ಲುವುದು.

ನಮ್ಮ ಮಳೆಯ ಮಾತು

ಈಗ ಕಟ್ಟೆಯ ಮೇಲಿನ ಪ್ರಶ್ನೆಗೆ ಮರಳೋಣ. ಭಾರತದ ಮುಂಗಾರಿನಲ್ಲಿ ಒಂದು ವರ್ಷಕ್ಕೂ ಮರುವರ್ಷಕ್ಕೂ ಇರುವ ಸಂಬಂಧ ಬಹು ದುರ್ಬಲವಾದುದು. ಕರ್ನಾಟಕದಲ್ಲಿ 2022ರಲ್ಲಿ ಮಳೆ ವಿಪರೀತವಾಯಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಲಾಯಿತು. 2024ರಲ್ಲಿ ಮತ್ತೆ ಹೆಚ್ಚು ಮಳೆ ಬಂದಿತು. ಇಷ್ಟನ್ನೇ ನೋಡಿದರೆ ಮಳೆ ನಾಣ್ಯವೇ ಸರಿ ಎನ್ನಬೇಕು.

ಆದರೆ ದೃಷ್ಟಿಯನ್ನು ಅಗಲಿಸಿದಾಗ ಚಿತ್ರ ಬೇರೆಯಾಗುವುದು. ಇಡೀ ಭಾರತದ ಲೆಕ್ಕದಲ್ಲಿ 1921ರಿಂದ 1964ರವರೆಗಿನ 44 ವರ್ಷಗಳಲ್ಲಿ ಮುಂಗಾರಿನ ಬರಗಾಲಗಳು ಮೂರೇ ಮೂರು. ಅದರ ಮರುವರ್ಷದಿಂದ, ಅಂದರೆ 1965ರಿಂದ 1987ರವರೆಗಿನ 23 ವರ್ಷಗಳಲ್ಲಿ ಹತ್ತು! ವರ್ಷದಿಂದ ವರ್ಷಕ್ಕೆ ಕಾಣದ ನೆನಪು ದಶಕಗಳ ಅಳತೆಯಲ್ಲಿ ಇಣುಕುತ್ತದೆ. ಕರ್ನಾಟಕವೂ 2001ರಿಂದ 2003ರವರೆಗೆ ಸತತ ಮೂರು ವರ್ಷ ಬರವನ್ನು ಅನುಭವಿಸಿತು.

ಜಗಳೂರು ತಾಲ್ಲೂಕು 1997ರವರೆಗೆ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಆ ಜಿಲ್ಲೆಯ ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಮುಗಿಯಿತು. ಸುಮಾರು 30 ಟಿ.ಎಂ.ಸಿ. ನೀರು ಹಿಡಿಯುವ ಆ ಜಲಾಶಯ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಅನಂತರ, 2022ರಲ್ಲಿ. ಅದಾದ ಮೇಲೆ ಮೂರು ವರ್ಷವೂ ಕಳೆಯುವ ಮೊದಲೇ, 2025ರ ಜನವರಿಯಲ್ಲಿ, ಮತ್ತೊಮ್ಮೆ ತುಂಬಿತು. ಇದೆಲ್ಲವೂ ಮಳೆಯ ಸ್ಮೃತಿಯೇ ಎಂದು ಹೇಳುವಂತಿಲ್ಲ. ಮೇಲ್ಭಾಗದಲ್ಲಿ ನೀರಿನ ಬಳಕೆ ಬೆಳೆದಿರುವುದೂ, ಇತ್ತೀಚಿನ ವರ್ಷಗಳಲ್ಲಿ ಭದ್ರೆಯ ನೀರನ್ನು ಅದಕ್ಕೆ ಹರಿಸಿರುವುದೂ ಲೆಕ್ಕಕ್ಕೆ ಬರಬೇಕು. ಆದರೂ ಒಂದು ಜಲಾಶಯದ ಬಾಳಿನಲ್ಲಿ ಸಮೃದ್ಧಿಯೂ ಕೊರತೆಯೂ ಎಷ್ಟು ಅಸಮವಾಗಿ ಹಂಚಿಹೋಗಬಲ್ಲವು ಎಂಬುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನ ಬೇಡ.

ವಿದ್ಯಾರ್ಥಿಗಳು ಮಾಡಿ ನೋಡಬಹುದಾದ ಪರೀಕ್ಷೆ

ತಮ್ಮ ತಾಲ್ಲೂಕಿನ ಮಳೆಮಾಪಕದ ವಾರ್ಷಿಕ ಅಂಕಿಗಳು 60 ಅಥವಾ 80 ವರ್ಷಗಳಷ್ಟು ದೊರೆತರೆ ವಿದ್ಯಾರ್ಥಿಗಳು ಮಳೆಯ ನೆನಪನ್ನು ಸ್ವತಃ ಪರೀಕ್ಷಿಸಬಹುದು. ಒಂದೊಂದು ವರ್ಷದ ಮಳೆಯನ್ನು ಒಂದೊಂದು ಚೀಟಿಯ ಮೇಲೆ ಬರೆಯಿರಿ. ನಿಜವಾದ ಕ್ರಮದಲ್ಲಿ, ಮೇಲೆ ಹೇಳಿದ ಕೆರೆಯ ಲೆಕ್ಕದಂತೆ, ವ್ಯಾಪ್ತಿಯನ್ನು ಕಂಡುಹಿಡಿಯಿರಿ. ಅನಂತರ ಚೀಟಿಗಳನ್ನು ಚೆನ್ನಾಗಿ ಕಲಸಿ, ಬಂದ ಕ್ರಮದಲ್ಲಿ ಮತ್ತೆ ವ್ಯಾಪ್ತಿಯನ್ನು ಲೆಕ್ಕಹಾಕಿರಿ. ಹೀಗೆ ನೂರು ಬಾರಿ ಮಾಡಿರಿ. ಗಣಕಯಂತ್ರಕ್ಕೆ ಇದು ಕ್ಷಣದ ಕೆಲಸ. ಕಲಸುವುದರಿಂದ ಸರಾಸರಿಯಾಗಲಿ ವಿಚಲನೆಯಾಗಲಿ ಬದಲಾಗದು. ನೆನಪೊಂದು ಮಾತ್ರ ಅಳಿಸಿಹೋಗುವುದು. ನಿಜವಾದ ಕ್ರಮದ ವ್ಯಾಪ್ತಿಯು ಕಲಸಿದ ನೂರರಲ್ಲಿ 95ಕ್ಕಿಂತಲೂ ದೊಡ್ಡದಾಗಿದ್ದರೆ ಆ ಮಳೆಗೆ ನೆನಪಿದೆಯೆಂದು ಶಂಕಿಸಲು ಕಾರಣವುಂಟು. ನಡುವೆ ಎಲ್ಲಿಯೋ ಬಿದ್ದರೆ, ಅಷ್ಟು ವರ್ಷಗಳ ದಾಖಲೆಯಿಂದ ಮಳೆಯನ್ನೂ ನಾಣ್ಯವನ್ನೂ ಬೇರ್ಪಡಿಸಲಾಗದೆಂದು ಒಪ್ಪಿಕೊಳ್ಳಬೇಕು. ಎರಡನೆಯ ಉತ್ತರ ಬಂದರೆ ನಿರಾಶೆ ಬೇಡ. ಅಲ್ಪ ದಾಖಲೆಯಿಂದ ಅಧಿಕ ಜ್ಞಾನವನ್ನು ಹಿಂಡದಿರುವುದೂ ವಿಜ್ಞಾನದ ಶಿಸ್ತೇ.

ಎರಡು ಪಕ್ಷಗಳಿಗೆ ಉತ್ತರ

ಮೊದಲ ಪಕ್ಷದವರ ಮಾತು, ಅಂದರೆ ಮಳೆ ಬಾಕಿ ತೀರಿಸುವುದೆಂಬುದು, ಯಾವ ಲೆಕ್ಕದಲ್ಲಿಯೂ ನಿಲ್ಲದು. ನೆನಪಿಲ್ಲದಿದ್ದರೆ ಮಳೆಗೆ ಬಾಕಿಯ ಅರಿವೇ ಇರದು. ದೀರ್ಘಸ್ಮೃತಿಯಿದ್ದರೆ ಅದು ಸೆಳೆಯುವುದು ಹಳೆಯ ದಿಕ್ಕಿಗೇ. ಎರಡನೆಯ ಪಕ್ಷದವರು ದಿಕ್ಕನ್ನು ಸರಿಯಾಗಿ ಊಹಿಸಿರಬಹುದು. ಆದರೆ ಅವರ ನಿಶ್ಚಯಕ್ಕೆ ಆಧಾರವಿಲ್ಲ. ಸಂಬಂಧ 0.38ರಷ್ಟು ಬಲವಾಗಿದ್ದರೂ ಒಂದು ವರ್ಷದ ಏರಿಳಿತದಲ್ಲಿ ಹಿಂದಿನ ವರ್ಷದಿಂದ ವಿವರಿಸಬಹುದಾದದ್ದು ಏಳರಲ್ಲಿ ಒಂದು ಪಾಲು ಮಾತ್ರ. ಉಳಿದ ಆರು ಪಾಲು ಹೊಸದು. ಮಳೆಯ ಸಂಬಂಧವಂತೂ ಅದಕ್ಕಿಂತ ಬಹಳ ಕಡಮೆ. ದೀರ್ಘಸ್ಮೃತಿಯು ಭವಿಷ್ಯವನ್ನು ಹೇಳುವ ವಿದ್ಯೆಯಲ್ಲ. ಭವಿಷ್ಯದ ಅನಿಶ್ಚಯ ಎಷ್ಟು ದೊಡ್ಡದೆಂಬುದನ್ನು ತಿಳಿಸುವ ವಿದ್ಯೆ.

ಭೂಮಿಯ ಉಷ್ಣತೆ ಏರುತ್ತಿರುವ ಈ ಕಾಲದಲ್ಲಿ ಇದರ ಅವಶ್ಯಕತೆ ಇನ್ನೂ ಹೆಚ್ಚು. ಮಳೆಯಲ್ಲಿ ಕಂಡ ಬದಲಾವಣೆ ಮನುಷ್ಯನಿಂದ ಆದದ್ದೋ ದೀರ್ಘಸ್ಮೃತಿಯ ಒಂದು ಅಲೆಯೋ ಎಂದು ನಿರ್ಣಯಿಸಬೇಕಾದರೆ, ಪ್ರಕೃತಿ ತಾನಾಗಿಯೇ ಎಷ್ಟು ದೂರ ಅಲೆಯಬಲ್ಲದೆಂಬುದು ಮೊದಲು ತಿಳಿದಿರಬೇಕು.

ಜಗಳೂರು ತಾಲ್ಲೂಕಿನ 57 ಕೆರೆಗಳಿಗೆ ತುಂಗಭದ್ರೆಯ ನೀರನ್ನು ಎತ್ತಿ ತುಂಬಿಸುವ ಯೋಜನೆ ಈ ದೃಷ್ಟಿಯಿಂದ ವಿಚಾರಯೋಗ್ಯವಾದುದು. ಸ್ಥಳದ ಮಳೆಯೊಂದನ್ನೇ ನೆಚ್ಚಿದ ಸೀಮೆಗೆ ಘಟ್ಟದ ಮಳೆಯ ನೆನಪನ್ನು ಹೊತ್ತ ಹೊಳೆಯನ್ನು ಜೋಡಿಸುವುದೆಂದರೆ ನೆನಪಿಲ್ಲದವನಿಗೆ ನೆನಪನ್ನು ಕಡ ಕೊಡುವಂತೆ. ಆದರೆ ಘಟ್ಟದಲ್ಲಿಯೂ ಕೆಟ್ಟ ವರ್ಷಗಳು ಗುಂಪುಗೂಡಬಲ್ಲವು. ಆಗ ಹೊಳೆಯೂ ಬಡವಾಗುವುದು. ಆದಕಾರಣ ಕೆರೆಯ ಹೂಳನ್ನು ತೆಗೆಯುವಾಗ, ಕಟ್ಟೆಯ ಎತ್ತರವನ್ನು ಗೊತ್ತುಮಾಡುವಾಗ, ಕೊಳವೆಬಾವಿಯನ್ನು ನಂಬಿ ತೋಟ ಹಾಕುವಾಗ ಕೇಳಬೇಕಾದ ಪ್ರಶ್ನೆ ‘ಸರಾಸರಿ ಮಳೆ ಎಷ್ಟು?’ ಎಂಬುದೊಂದೇ ಅಲ್ಲ. ‘ಕೆಟ್ಟ ವರ್ಷಗಳು ಒಂದರ ಬೆನ್ನಿಗೆ ಒಂದು ಎಷ್ಟು ಬರಬಹುದು?’ ಎಂಬುದು. ಮಳೆಯ ನೆನಪು ಕ್ಷೀಣವಾದುದು. ಕೆರೆ, ಮಣ್ಣು, ಅಂತರ್ಜಲಗಳ ನೆನಪನ್ನು ಹೆಚ್ಚಿಸುವುದಾಗಲಿ ಕಳೆಯುವುದಾಗಲಿ ನಮ್ಮ ಕೈಯಲ್ಲಿದೆ.